ಅಂಬಿಗನ ಕಾಸು

ಸಮಾಧಿಯ ಗುಹೆಯಿಂದ ಬಾಗಿಕೊಂಡು ಹೊರಬಂದ ದೋಸ್ತಾಯ್‌ನ ಎಡಗೈ ಮುಷ್ಟಿ ಕಟ್ಟಿತ್ತು. ಶಪ್ಪೀರಾ ಕಣ್ಣಲ್ಲೇ ನಕ್ಕಳು.

“ಏನೋ ಅದು? ಮದುವೆಗೆ ಇನ್ನೂ ಎಂಟು ದಿನ ಇದೆ, ಈಗಲೇ ಉಡುಗೊರೆ ಬಚ್ಚಿಡ್ತಿದ್ದೀಯ?”

“ಕಲ್ಲಿನ ಚೂರು ಕಣೇ. ಆ ಕಡೆ ತಿರುಗು ನೀನು.”

ಹೆತ್ತವರ ಎಲುಬನ್ನು ಮಕ್ಕಳು ಆಯಬಾರದು ಎಂಬುದು ಯೆರೂಸಲೇಮಿನಲ್ಲಿ ಅವಳ ಮನೆತನದ ಕಟ್ಟಳೆ. ವರ್ಷ ತುಂಬಿ ಮೈ ಕರಗಿದ ಮೇಲೆ ಅಪ್ಪನ ಎಲುಬನ್ನು ಕಲ್ಲಿನ ಪೆಟ್ಟಿಗೆಗೆ ತುಂಬುವ ಕೆಲಸ ಅಳಿಯನಾಗುವವನ ಪಾಲಿಗೆ ಬಂದಿತ್ತು. ಪೆಟ್ಟಿಗೆ ಕೆತ್ತಿದ್ದೂ ಅವನೇ. ಅವನ ಗಡ್ಡಕ್ಕೆ ಹತ್ತಿದ ಬಿಳಿ ಕಲ್ಲುಪುಡಿ ನೋಡಿ, ಮುದುಕನಾದರೆ ಹೀಗೇ ಕಾಣುತ್ತಾನೆ ಎಂದುಕೊಂಡು ಅವಳು ಬೆಳಗಿನಿಂದ ಒಳಗೊಳಗೇ ಹಿಗ್ಗಿದ್ದಳು.

“ಮುಷ್ಟಿ ಬಿಚ್ಚು.”

“ಬೇಡ ಶಪ್ಪೀರಾ.”

ಅವಳೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹಸಿರುಗಟ್ಟಿದ ತಾಮ್ರದ ಕಾಸು. ಸತ್ತವರನ್ನು ಹೊಳೆ ದಾಟಿಸುವ ಅಂಬಿಗನಿಗೆಂದು ಗ್ರೀಸಿನ ಯವನರು ಹೆಣದ ಬಾಯಲ್ಲಿಡುವಂಥದು.

“ಅಪ್ಪನ ಬಾಯಲ್ಲಿತ್ತಾ?”

ಅವನು ಹೌದೆಂದು ತಲೆಯಾಡಿಸಿದ. ಅಂದು ಹೆಣವನ್ನು ಒಳಗೆ ಮಲಗಿಸಿದವನೂ ಅವನೇ.

“ಸಾಯೋವಾಗ ನಿನ್ನ ಕೈ ಹಿಡ್ಕೊಂಡು ಏನಂದ ಅಪ್ಪ? ‘ಯವನರ ಆಚಾರ ನನ್ನ ಹತ್ರ ಸುಳೀಬಾರದು. ಮಣ್ಣಲ್ಲಿ ಮಲಗಿರ್ತೀನಿ, ಕಡೇ ದಿನ ದೇವರೇ ಎಬ್ಬಿಸ್ತಾನೆ’ ಅಂದ. ನೀನು ಆಣೆ ಮಾಡಿದೆ.”

“ಮಾಡಿದೆ. ಆದ್ರೆ ನನ್ನ ಜೊತೆ ಕಲ್ಲು ಕೆತ್ತೋ ಯವನರು ಆ ಹೊಳೆ, ದೋಣಿ ಅಂತ ದಿನಾ ಹೇಳ್ತಾರೆ. ಅದೇ ನಿಜ ಆಗಿಬಿಟ್ರೆ? ನಿನ್ನಪ್ಪ ದಡದಲ್ಲೇ ನಿಂತುಬಿಟ್ರೆ? ನಿನ್ನ ಅಳು ನೋಡೋಕಾಗ್ದೇ ಇಟ್ಟೆ ಕಣೇ.”

“ಮತ್ತೆ ನನಗೆ ಹೇಳಿದ್ದು? ನಮ್ಮಿಬ್ರ ಎಲುಬೂ ಒಂದೇ ಪೆಟ್ಟಿಗೇಲಿರುತ್ತೆ, ಒಟ್ಟಿಗೇ ಎದ್ದು ಕೂರ್ತೀವಿ, ನಿನ್ನ ಕೂದಲಿನ ಮಣ್ಣು ನಾನೇ ಕೊಡವ್ತೀನಿ ಅಂದ್ಯಲ್ಲ. ಅದನ್ನ ನಂಬಿದ್ಯಾ?”

“ನಂಬೋ ಆಸೆ ಇತ್ತು.”

“ಹೆದರಿಕೆ ಅಂದಿದ್ರೆ ನಾನೂ ನಿನ್ನ ಜೊತೆ ಹೆದರ್ತಿದ್ದೆ ಕಣೋ. ವರ್ಷವಿಡೀ ಒಬ್ಬಳೇ ನಂಬ್ಕೊಂಡು ಕೂರೋ ಹಾಗೆ ಮಾಡಿದೆ.”

ಗುಹೆಯ ಬಾಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ಒಬ್ಬರಿಗೆ ಏಳುವಂಥದ್ದಲ್ಲ. ಇಬ್ಬರೂ ಹಿಡಿದು ಮುಚ್ಚಿದರು. ಅವನ ಬೆರಳು ತಗುಲಿದಾಗ ಅವಳ ಎದೆ ಎಂದಿನಂತೆಯೇ ಝಲ್ಲೆಂದಿತು. ಅದಕ್ಕೇ ಅವಳಿಗೆ ಅಳು ಬಂತು.

“ನೀನು ಮುಂದೆ ನಡಿ. ಮದುವೆ ಇಲ್ಲ ಅಂತ ಅಮ್ಮನಿಗೆ ನಾನೇ ಹೇಳ್ತೀನಿ.”

ಅವನು ಆಲಿವ್ ಮರಗಳ ನಡುವೆ ಇಳಿದು ಮರೆಯಾಗುವ ತನಕ ಅವಳು ನೋಡುತ್ತಲೇ ನಿಂತಳು. ಒಮ್ಮೆ ತಿರುಗಿ ನೋಡಿದ್ದರೂ ಕರೆದುಬಿಡುತ್ತಿದ್ದಳೇನೋ. ಅವನು ತಿರುಗಲಿಲ್ಲ.