ಲೋಟ ಕೊಟ್ಟವರು ಯಾರು?

ಜೀಪು ಹಿಂದೆಯೇ ಇತ್ತು.

ನಾನು ಸೈಕಲ್ಲಿನ ಕ್ಯಾರಿಯರ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತಿದ್ದೆ. ಬಾನೆಟ್ಟಿಗೆ ಅಂಟಿಕೊಂಡಿದ್ದ ಸತ್ತ ಮಿಡತೆ ನನ್ನ ಕಣ್ಣಿಗೆ ಕಾಣುತ್ತಿತ್ತು. ಅಷ್ಟು ಹತ್ತಿರ...

"ಜೋರಾಗಿ ತುಳಿಯೋ!"

"ತುಳೀತಾನೇ ಇವ್ನಿ ಸಾ. ನೀವ್ ಅಲ್ಲಾಡ್ಬ್ಯಾಡಿ."

ಜೀಪಿನಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ಸೈಕಲ್ ಚೈನು. ಬೀಸಿದ ಏಟು ನನ್ನ ಮೊಣಕಾಲಿಗೆ ಬಿತ್ತು. ಪ್ಯಾಂಟು ಹರಿಯಿತು. ಅದರ ಕೆಳಗಿನ ಚರ್ಮವೂ ಹರಿಯಿತು.

"ಎಡಕ್ಕೆ ನಾಲೆ ಏರಿ ಐತೆ. ಗಟ್ಟಿಯಾಗಿ ಇಡ್ಕಳಿ."

ಹಿಡಿದುಕೊಳ್ಳುವುದಕ್ಕೆ ಏನಿತ್ತು? ಸೀಟಿನ ಸ್ಪ್ರಿಂಗು. ಅದನ್ನೇ ಹಿಡಿದೆ. ಸೈಕಲ್ಲು ರಸ್ತೆ ಬಿಟ್ಟು ಏರಿಗೆ ನೆಗೆಯಿತು. ಒಂದಾಳು ಮಾತ್ರ ನಡೆಯುವಷ್ಟು ಅಗಲದ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಕೆಸರು. ಜೀಪು ಬ್ರೇಕ್ ಹಾಕಿತು. ತಡವಾಗಿತ್ತು. ಮುಂದಿನ ಚಕ್ರ ಕೆಸರಿನಲ್ಲಿ ಮುಳುಗಿತು.

"ಕಾಲ್ ಮುರೀದೆ ಬುಡಾಕಿಲ್ಲ ಕಣ್ಲಾ!" ಯಾರೋ ಕೂಗಿದ.

"ಮೊದ್ಲು ಜೀಪ್ ಎತ್ಕೊ ಓಗಲಾ," ಎಂದ ನನ್ನ ಸವಾರ. ತಿರುಗಿಯೂ ನೋಡಲಿಲ್ಲ.

ಅವನ ಹೆಸರು ಹುಚ್ಚಯ್ಯ. ಹಾಸನ ಜಿಲ್ಲೆಯ ಸೈಕಲ್ ಚಾಂಪಿಯನ್. ಹೋದ ಭಾನುವಾರದವರೆಗೆ.

ನಾನು ಈಶ್ವರಯ್ಯ. ಮೊದಲು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಇಲಾಖೆ ನನ್ನನ್ನು ಬಿಟ್ಟಿತು, ಇಲಾಖೆಯ ಚಾಳಿಗಳನ್ನು ನಾನು ಬಿಡಲಿಲ್ಲ. ಹಾಸನದಲ್ಲಿ ದೊಡ್ಡ ಮನುಷ್ಯರ ಹೊಲಸು ಬಳಿದು ತೆಗೆಯುವುದಕ್ಕೆ ಒಬ್ಬ ಬೇಕಲ್ಲ... ಅವನೇ ನಾನು.

ರುದ್ರಯ್ಯನ ಹೆಸರು ನೀವು ಕೇಳಿರಬೇಕು. ಬಸ್ಸುಗಳ ಮಾಲೀಕ. ಸೈಕಲ್ ರೇಸ್ ಕಮಿಟಿಯ ಅಧ್ಯಕ್ಷ. ಹಾಸನದಿಂದ ಹೊರಡುವ ರೇಸು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸುತ್ತಿ ಮತ್ತೆ ಹಾಸನಕ್ಕೆ ಬರುತ್ತದೆ. ಅರವತ್ತನೇ ಇಸವಿಯಲ್ಲಿ ಹುಚ್ಚಯ್ಯ ಗೆದ್ದ. ಹೋದ ಭಾನುವಾರ, ಅರವತ್ತೊಂದರ ರೇಸಿನಲ್ಲೂ ಅವನೇ ಮೊದಲು ಬಂದ. ಬಹುಮಾನದ ಕಪ್ಪು ಕೈಗೆ ಬರುವಷ್ಟರಲ್ಲಿ ಚನ್ನರಾಯಪಟ್ಟಣದ ಹೋಟೆಲ್ ಗುಂಡಯ್ಯ ವೇದಿಕೆ ಹತ್ತಿದ. ದಾರಿಯಲ್ಲಿ ಸವಾರರಿಗೆ ನೀರು ಕೊಡುವ ಜವಾಬ್ದಾರಿ ಅವನದಾಗಿತ್ತು.

"ನಮ್ಮ ಹೋಟೆಲ್ ಲೋಟದಲ್ಲೇ ನೀರು ಕೊಟ್ಟೆ," ಎಂದು ಗುಂಡಯ್ಯ ಮೈಕಿನಲ್ಲಿ ಹೇಳಿದ. "ಇವನು ಲೋಟಕ್ಕೆ ಮಾತ್ರೆ ಹಾಕ್ಕೊಂಡು ಕುಡಿದ. ಕಣ್ಣಾರೆ ಕಂಡೆ. ನಿದ್ದೆ, ಆಯಾಸ ಹತ್ತಿರ ಬರದೇ ಇರೋ ಮಾತ್ರೆ!"

ಹುಚ್ಚಯ್ಯನನ್ನು ಹೆಗಲ ಮೇಲೆ ಹೊತ್ತಿದ್ದ ಜನವೇ ಅವನನ್ನು ಕೆಳಕ್ಕೆ ಬಿಟ್ಟರು. ಅದೇ ಕೈಗಳಿಂದ ಚಪ್ಪಲಿ ಬಂತು. ಕಪ್ಪು ಎರಡನೆಯವನಿಗೆ ಹೋಯಿತು. ಎರಡನೆಯವನು ಪರಮಶಿವ. ರುದ್ರಯ್ಯನ ತಂಗಿಯ ಮಗ.

ಈ ದಿನ ಸಂಜೆ ಹಾಸನದ ಮೈದಾನದಲ್ಲಿ ಸಭೆ. ಹುಚ್ಚಯ್ಯ ಬಂದು ಎಲ್ಲರೆದುರು ಉತ್ತರ ಕೊಡಬೇಕು. ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ. ಈ ಜನ್ಮದಲ್ಲಿ ಮತ್ತೆ ರೇಸಿಗೆ ಇಳಿಯುವಂತಿಲ್ಲ.

"ಬಂದು ತಪ್ಪಾಯ್ತು ಅನ್ಲಿ ಸಾಕು," ಎಂದಿದ್ದ ರುದ್ರಯ್ಯ ನನಗೆ. "ಬಸ್ಸಲ್ಲಿ ಚೆಕಿಂಗ್ ಕೆಲಸ ಕೊಡ್ತೀನಿ. ಹುಷಾರಾಗಿ ಕರ್ಕೊಂಡ್ ಬಾ."

ಬೆಳಿಗ್ಗೆ ಹಳ್ಳಿಮೈಸೂರಿನ ಹತ್ತಿರ ಅವನ ಕೇರಿಗೆ ಹೋದೆ. ಊರಿನ ಆಚೆಗಿನ ಕೇರಿ. ಅವನ ತಾಯಿ ಮಾರಮ್ಮ ಬಾಗಿಲಲ್ಲೇ ನಿಂತಳು.

"ನನ್ ಮಗ ಯಾಕ್ ತಪ್ಪು ಒಪ್ಕಬೇಕು ಬುದ್ಧಿ? ಆ ಪರಮಸಿವ ಎರಡ್ನೇದಾಗಿ ಬಂದದ್ದೇ ಇವನ ತಪ್ಪಾ?"

"ಒಪ್ಪೋದು ಬಿಡೋದು ಅಲ್ಲಿಗೆ ಬಂದು ಹೇಳ್ಲಿ," ಎಂದೆ.

"ಬತ್ತೀನಿ," ಎಂದ ಹುಚ್ಚಯ್ಯ. "ಮಾತ್ರೆ ತಗಂಡಿಲ್ಲ ಅನ್ನಾಕೆ ಬತ್ತೀನಿ."

ಕೇರಿ ದಾಟಿ ರಸ್ತೆಗೆ ಬಂದೆವು. ಹುಣಸೆ ಮರದ ಹಿಂದಿನಿಂದ ಜೀಪು ಹೊರಟಿತು. ಒಳಗಿದ್ದವರು ಪರಮಶಿವನ ಗೆಳೆಯರು. ನನಗೆ ಎಲ್ಲ ಅರ್ಥವಾಯಿತು: ಹುಚ್ಚಯ್ಯ ಸಭೆಗೆ ಮುಟ್ಟಬಾರದು. ಕೇರಿಯೊಳಗೆ ನುಗ್ಗಿದ್ದರೆ ಇಡೀ ಕೇರಿ ಎದ್ದು ನಿಲ್ಲುತ್ತಿತ್ತು. ಅದಕ್ಕೇ ನಾನು. ಬೇಟೆಯನ್ನು ಪೊದೆಯಿಂದ ಎಬ್ಬಿಸುವ ನಾಯಿ...

ಬಾಯಿಯೆಲ್ಲ ಕಹಿಯಾಯಿತು. ಉಗಿದೆ. ಹೋಗಲಿಲ್ಲ.

ಏರಿಯ ಮೇಲೆ ಬಹಳ ದೂರ ಬಂದ ಮೇಲೆ, ನಾಲೆಯ ತೂಬಿನ ಹತ್ತಿರ ಹುಚ್ಚಯ್ಯ ಸೈಕಲ್ ನಿಲ್ಲಿಸಿದ. ಜೀಪಿನ ಸದ್ದಿರಲಿಲ್ಲ. ನನ್ನ ಹೆಗಲಲ್ಲಿ ಪೊಲೀಸ್ ಕಾಲದ ನೀರಿನ ಬಾಟಲಿ ಇತ್ತು. ನಾನು ಕುಡಿದೆ. ಆಮೇಲೆ, "ತಗೋ, ಕುಡಿ," ಎಂದೆ.

ಹುಚ್ಚಯ್ಯ ಕುಕ್ಕರಗಾಲಲ್ಲಿ ಕೂತ. ಬೊಗಸೆಯೊಡ್ಡಿದ. ಮುಖ ತಗ್ಗಿಸಿದ.

ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಬಾಟಲಿ ಬಗ್ಗಿತು. ಒಂದು ಗೇಣು ಎತ್ತರದಿಂದ ನೀರು ಅವನ ಬೊಗಸೆಗೆ ಬಿದ್ದಿತು.

ಅವನು ಕುಡಿಯುತ್ತಿದ್ದ. ನಾನು ನನ್ನ ಕೈ ನೋಡುತ್ತಿದ್ದೆ. ಯಾರೂ ಹೇಳಿಕೊಟ್ಟಿರಲಿಲ್ಲ ಅದಕ್ಕೆ. ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಅದು ಬೇರೆ ಯಾರದೋ ಕೈಯಾಗಿದ್ದರೆ ಕಡಿದು ನಾಲೆಗೆ ಎಸೆಯಬಹುದಿತ್ತು...

ಆಗ ಹೊಳೆಯಿತು.

"ಹುಚ್ಚಯ್ಯ... ಚನ್ನರಾಯಪಟ್ಟಣದಲ್ಲಿ ನಿನಗೆ ನೀರು ಹೆಂಗೆ ಕೊಟ್ಟರು?"

"ಇಂಗೇಯ. ಗುಂಡಯ್ಯನೋರು ಚೊಂಬಲ್ಲಿ ಮ್ಯಾಲಿಂದ ಉಯ್ದ್ರು. ಎಲ್ಡು ಕೈಯಾಗೂ ಬೊಗಸೆ ಇಡ್ದಿದ್ದೆ."

"ಲೋಟ?"

ಅವನು ಮುಖ ಎತ್ತಿದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ನಕ್ಕ. "ನಂಗ್ಯಾರು ಲ್ವಾಟ ಕೊಟ್ಟಾರು ಸಾ?"

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಬಾಯ್ ತಗೆಯೋಕೆ ಆಯ್ತಿತ್ತಾ? ಚಪ್ಲಿ ಬೀಳ್ತಿದ್ವಲ್ಲ."

ಬಾಟಲಿಯನ್ನು ಅವನ ಕೈಗೆ ಕೊಟ್ಟೆ. "ಇಟ್ಕೋ," ಎಂದೆ. ಅವನು ಅದನ್ನು ಒಂದು ಕ್ಷಣ ನೋಡಿದ, ಹ್ಯಾಂಡಲ್ಲಿಗೆ ನೇತುಹಾಕಿದ.

ಹೊಳೆನರಸೀಪುರದಲ್ಲಿ ಬಸ್ ಹತ್ತುವಂತಿರಲಿಲ್ಲ. ಬಸ್ಸು ರುದ್ರಯ್ಯನದು, ಕಂಡಕ್ಟರ್ ಕಣ್ಣು ರುದ್ರಯ್ಯನದು. ತೆಂಗಿನಕಾಯಿ ತರಲು ಚನ್ನರಾಯಪಟ್ಟಣಕ್ಕೆ ಖಾಲಿ ಹೋಗುತ್ತಿದ್ದ ಲಾರಿಯೊಂದನ್ನು ಅಡ್ಡ ಹಾಕಿದೆ. ನಾವಿಬ್ಬರೂ ಸೈಕಲ್ಲಿನೊಂದಿಗೆ ಹಿಂದೆ ಮಲಗಿದೆವು. ಊರ ಹೊರಗೆ ಜೀಪು ನಮ್ಮ ಎದುರಿನಿಂದಲೇ ಹಾದುಹೋಯಿತು. ಮೈತುಂಬ ಕೆಸರು. ಹುಚ್ಚಯ್ಯ ಹಲಗೆಯ ಸಂದಿನಿಂದ ನೋಡಿ, "ತೊಳ್ಯಾಕೆ ಒಂದ್ ದಿನ ಬೇಕು," ಎಂದ.

ಗುಂಡಯ್ಯನ ಹೋಟೆಲಿನಲ್ಲಿ ಮಧ್ಯಾಹ್ನದ ಜನ. ಒಬ್ಬರ ಭುಜ ಒಬ್ಬರಿಗೆ ತಾಗುತ್ತಿತ್ತು. ಹುಚ್ಚಯ್ಯ ಬಾಗಿಲ ಹೊರಗೆ ನಿಂತ. ನಾನು ಒಳಗೆ ಹೋದೆ. ಗಲ್ಲಾದ ಮೇಲೆ ಗುಂಡಯ್ಯ ಕೂತಿದ್ದ. ದುಂಡು ಮುಖ, ಹಣೆಯಲ್ಲಿ ವಿಭೂತಿ, ಎಣ್ಣೆ ಹಚ್ಚಿದ ಕ್ರಾಪು.

"ಬನ್ನಿ ಬನ್ನಿ ಈಶ್ವರಯ್ಯನೋರೆ. ಕಾಫಿನೋ, ಊಟಾನೋ?"

"ಒಂದು ಸಂದೇಹ ಗುಂಡಯ್ಯ." ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದೆ. "ನೀವು ಹುಚ್ಚಯ್ಯನಿಗೆ ನೀರು ಕೊಟ್ಟ ಲೋಟ ಇದರಲ್ಲಿ ಯಾವುದು?"

ಸದ್ದು ನಿಂತಿತು.

ಹತ್ತಿರದ ಮೇಜಿನಲ್ಲಿ ದೊಡ್ಡಯ್ಯ ಎಂಬ ಹಿರಿಯ ವರ್ತಕ ಕಾಫಿ ಕುಡಿಯುತ್ತಿದ್ದ. ತುಟಿಗೆ ತಾಗಿಸಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. ಅದರ ಅಂಚನ್ನೇ ನೋಡಿದ. ಆಮೇಲೆ ಟವೆಲ್ಲಿನಿಂದ ತುಟಿ ಒರೆಸಿಕೊಂಡ. ಎರಡು ಸಲ.

"ಯಾವ ಲೋಟ ಅಂದ್ರೆ..." ಗುಂಡಯ್ಯ ತಡವರಿಸಿದ.

"ವೇದಿಕೆ ಮೇಲೆ ನೀವೇ ಹೇಳಿದ್ರಲ್ಲ? ನಮ್ಮ ಹೋಟೆಲ್ ಲೋಟದಲ್ಲೇ ಕೊಟ್ಟೆ ಅಂತ. ಆ ಲೋಟ ತೊಳೆದು ಮತ್ತೆ ಇಲ್ಲೇ ಇಟ್ರಾ?"

"ಗುಂಡಯ್ಯ," ಎಂದ ದೊಡ್ಡಯ್ಯ. ಮೆಲ್ಲಗಿನ ದನಿ. "ಏನಪ್ಪಾ ಇದು? ಹೌದಾ?"

ಮೂಲೆಯಲ್ಲಿ ಒಬ್ಬ ಎದ್ದು ನಿಂತ. ಇನ್ನೊಬ್ಬ ತಟ್ಟೆ ದೂರ ಸರಿಸಿದ.

ಗುಂಡಯ್ಯನ ವಿಭೂತಿ ಬೆವರಿಗೆ ಕರಗತೊಡಗಿತು. ಅವನ ಎದುರು ಎರಡೇ ದಾರಿ. ಸುಳ್ಳುಗಾರನಾಗಬೇಕು. ಇಲ್ಲವೇ ಲೋಟ ಕೊಟ್ಟವನಾಗಬೇಕು. ಆಯ್ಕೆ ಮಾಡಲು ಅವನಿಗೆ ಉಸಿರೆಳೆದು ಬಿಡುವಷ್ಟು ಹೊತ್ತೂ ಬೇಕಾಗಲಿಲ್ಲ.

"ಅಯ್ಯೋ, ಶಿವ ಶಿವಾ... ನಾನು ಲೋಟ ಕೊಡ್ತೀನಾ ದೊಡ್ಡಯ್ಯನೋರೆ? ಮೇಲಿಂದಲೇ ಹೊಯ್ದದ್ದು. ಚೊಂಬೂ ಬೇರೇದು. ಅವನ ನೆರಳೂ ತಾಗಿಲ್ಲ!"

"ಮತ್ತೆ ಮಾತ್ರೆ ಎಲ್ಲಿಗೆ ಹಾಕಿದ?" ಎಂದೆ. "ಎರಡು ಕೈಯಲ್ಲೂ ಬೊಗಸೆ ಹಿಡಿದಿದ್ದ. ಮೂರನೇ ಕೈ ಇತ್ತಾ?"

"ಮಾತ್ರೆ ಇಲ್ಲ. ಏನೂ ಇಲ್ಲ. ರುದ್ರಯ್ಯನೋರು ಹೇಳು ಅಂದ್ರು, ಹೇಳ್ದೆ. ಮಾತ್ರೆ ನುಂಗಿದ್ದು ಪರಮಶಿವ. ಪರೀಕ್ಷೆಗೆ ಓದೋ ಹುಡುಗರು ನಿದ್ದೆ ಬರದೇ ಇರಲಿ ಅಂತ ತಗೋತಾರಲ್ಲ, ಅದು. ನನ್ನ ಕೈಯಿಂದ್ಲೇ ಕಾಫಿ ಇಸ್ಕೊಂಡು ನುಂಗಿದ. ಹಲ್ಲು ಕಟಕಟ ಅಂತಿತ್ತು ಅವನಿಗೆ."

ಒಬ್ಬ ಮನುಷ್ಯನ ಮಾನ ಸುಳ್ಳು ಹೇಳಿ ತೆಗೆದೆ ಎಂದು ಅವನು ಇಡೀ ಹೋಟೆಲಿನ ಮುಂದೆ ಒಪ್ಪಿಕೊಂಡಿದ್ದ. ಈಗ ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಕಾದೆ.

ದೊಡ್ಡಯ್ಯ ನಿಟ್ಟುಸಿರು ಬಿಟ್ಟ. "ಸದ್ಯ," ಎಂದ. ಲೋಟ ಎತ್ತಿಕೊಂಡ. "ಆರೋಯ್ತು ನೋಡು. ಸ್ವಲ್ಪ ಬಿಸಿ ಹಾಕ್ಸು."

ಎದ್ದು ನಿಂತವನು ಕೂತ. ದೂರ ಸರಿದಿದ್ದ ತಟ್ಟೆ ಹತ್ತಿರ ಬಂತು. ಬಾಯಿಗಳು ಮತ್ತೆ ಅಲ್ಲಾಡತೊಡಗಿದವು. ಸಾರಿನ ವಾಸನೆ ಮೂಗಿಗೆ ಬಡಿಯಿತು. ಪೊಲೀಸಿನಲ್ಲಿದ್ದಾಗ ಕೊಳೆತ ಹೆಣ ಎತ್ತಿದ್ದೇನೆ. ಆ ವಾಸನೆ ಇದಕ್ಕಿಂತ ವಾಸಿ.

ಬಾಗಿಲ ಕಡೆ ನೋಡಿದೆ. ಹುಚ್ಚಯ್ಯ ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಗುಂಡಯ್ಯನ ಕುತ್ತಿಗೆಗೆ ಕೈ ಹಾಕಿ ಗಲ್ಲಾದಿಂದ ಇಳಿಸಿದೆ. "ನಡಿ. ಇದನ್ನೇ ಹಾಸನದ ಮೈಕಲ್ಲಿ ಹೇಳು."

"ಅಲ್ಲಿ ಹೇಳಿದ್ರೆ ಕೇಸಾಗುತ್ತೆ ಈಶ್ವರಯ್ಯನೋರೆ. ಐವತ್ತೈದರ ಕಾನೂನು..."

"ಗೊತ್ತು," ಎಂದೆ. "ಅಸ್ಪೃಶ್ಯತೆ ಮಾಡಿದ್ರೆ ಜೈಲು. ಹೊರಗೆ ಲಾರಿ ಕಾಯ್ತಿದೆ, ಹತ್ತು."

ಹಾಸನಕ್ಕೆ ಬಂದಾಗ ಮೈದಾನದಲ್ಲಿ ಮೈಕು ಹಲೋ ಹಲೋ ಎನ್ನುತ್ತಿತ್ತು. ಜನ ಸೇರಿದ್ದರು. ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರೋ ಏನೋ. ರುದ್ರಯ್ಯನ ಮನೆ ಮೈದಾನದ ಪಕ್ಕದಲ್ಲೇ. ಅವನ ಆಳು ನಮ್ಮನ್ನು ಮೈದಾನದ ಗೇಟಿನಲ್ಲೇ ತಡೆದು ಮನೆಯೊಳಗೆ ಕರೆದೊಯ್ದ. ಹುಚ್ಚಯ್ಯನನ್ನೂ. ನಡುಮನೆಯವರೆಗೆ.

ರುದ್ರಯ್ಯ ಗುಂಡಯ್ಯನ ಮುಖ ನೋಡಿದ. ಕೇಳುವುದೇನೂ ಉಳಿದಿರಲಿಲ್ಲ. ಪರಮಶಿವ ಕಿಟಕಿಯ ಹತ್ತಿರ ನಿಂತಿದ್ದ. ಒಂದೇ ಸಮನೆ ದವಡೆ ಆಡಿಸುತ್ತಿದ್ದ.

"ಒಳಗೆ ಹೋಗು," ಎಂದ ರುದ್ರಯ್ಯ ಅವನಿಗೆ.

"ಮಾವ, ಅದು..."

"ಹೋಗು ಅಂದೆ."

ಅವನು ಹೋದ. ರುದ್ರಯ್ಯ ಕುರ್ಚಿ ತೋರಿಸಿದ. "ಕೂತ್ಕೋ ಹುಚ್ಚಯ್ಯ."

ಹುಚ್ಚಯ್ಯ ನಿಂತೇ ಇದ್ದ.

"ಏನೋ ತಿಳಿವಳಿಕೆ ತಪ್ಪಾಗಿದೆ ಅಂತ ನಾನೇ ಮೈಕಲ್ಲಿ ಹೇಳ್ತೀನಿ. ಕಪ್ಪು ನಿಂದು. ಚೆಕಿಂಗ್ ಕೆಲಸ ನಿಂದು. ನಿಮ್ಮವ್ವನ ಮನೆಗೆ ಹೆಂಚು ಹಾಕಿಸ್ಕೊಡ್ತೀನಿ. ಗುಂಡಯ್ಯ ಮಾತ್ರ ಮೈಕಿನ ಹತ್ರ ಹೋಗೋದು ಬೇಡ."

"ಯಾಕ್ ಸಾ?"

"ಚೊಂಬು, ಬೊಗಸೆ... ಅದೆಲ್ಲ ಜನರೆದುರು ಯಾಕಪ್ಪ? ಇಡೀ ಜಿಲ್ಲೆಗೆ ಕೆಟ್ಟ ಹೆಸರು."

"ನಂಗೆ ಬಂದಿದ್ದು ಯಾವ ಎಸ್ರು ಸಾ? ಗುಂಡಯ್ಯನೋರು ಮೈಕ್ನಾಗೆ ಏಳಿದ್ದು, ಮೈಕ್ನಾಗೇ ತಿರ್ಗಿ ಏಳ್ಲಿ. ನೀರು ಎಂಗ್ ಉಯ್ದ್ರೋ ಅಂಗೇ ಏಳ್ಲಿ. ಕಪ್ಪು ಆಮ್ಯಾಕೆ ನೋಡುವಾ."

"ಅದು ಆಗಲ್ಲ."

"ಅಂಗಾರೆ ನಾನೇ ಓಗಿ ಏಳ್ತೀನಿ."

ರುದ್ರಯ್ಯ ನನ್ನ ಕಡೆ ನೋಡಿದ. ಇಷ್ಟು ಕಾಲ ಈ ನೋಟಕ್ಕೆ ನಾನು ಎದ್ದು ಕೆಲಸ ಮುಗಿಸುತ್ತಿದ್ದೆ. ಈ ಸಲ ಗೋಡೆಗೆ ಒರಗಿ ಬೀಡಿ ಹಚ್ಚಿದೆ.

ಅವನು ಒಳಗಡೆ ಕೂಗಿದ. ಹೆಂಡತಿ ನೀಲಾಂಬಿಕೆ ತಟ್ಟೆ ತಂದಿಟ್ಟು, ಯಾರ ಮುಖವನ್ನೂ ನೋಡದೆ ಹೋದಳು. ತಟ್ಟೆಯಲ್ಲಿ ಬೆಳ್ಳಿಯ ಲೋಟ. ಕಾಫಿಯ ಹಬೆ. ರುದ್ರಯ್ಯ ಅದನ್ನು ತನ್ನ ಕೈಯಿಂದಲೇ ಎತ್ತಿದ. ಎತ್ತರದಿಂದಲ್ಲ. ನೇರವಾಗಿ ಹುಚ್ಚಯ್ಯನ ಕೈಯ ಹತ್ತಿರಕ್ಕೆ ಹಿಡಿದ. ಗುಂಡಯ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ನೋಡು. ನಮ್ಮ ಮನೇದೇ ಲೋಟ," ಎಂದ ರುದ್ರಯ್ಯ. "ನಮ್ಮಪ್ಪ ಕುಡೀತಿದ್ದ ಲೋಟ. ತಗೋ. ಇದನ್ನ ಕುಡಿದು, ಎಲ್ಲ ಮರೆತುಬಿಡು."

ಹೊರಗೆ ಮೈಕು ಹುಚ್ಚಯ್ಯನ ಹೆಸರು ಕೂಗಿತು.

ಹುಚ್ಚಯ್ಯ ಲೋಟದೊಳಗೆ ಬಗ್ಗಿ ನೋಡಿದ. ಎರಡೂ ಕೈ ಬೆನ್ನ ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡ ಸಾ," ಎಂದ. "ನಿಮ್ಮೋರು ಇದ್ರೊಳಗೆ ಏನ್ ಆಕವ್ರೋ, ಯಾವನ್ ಕಂಡ."