ಬಲಕ್ಕೆ ಹಿಡಿದ ಕೈ

"ಬಿಡಿ... ಸ್ವಲ್ಪ ಕೈ ಸಡಿಲ ಬಿಡಿ."

ಕಿಟಕಿಯಿಂದ ಒಳಗೆ ಬಂದ ಗಂಡಸಿನ ಕೈಯೊಂದು ಅವಳ ಕೈಯ ಪಕ್ಕದಲ್ಲೇ ಸ್ಟೇರಿಂಗ್ ಹಿಡಿಯಿತು.

ಹಲ್ಲಿನ ಡಾಕ್ಟರಮ್ಮ ಬೆವೆತು ನೀರಾಗಿದ್ದಳು. ಅಪ್ಪನ ಕಾಲದ ಕಾರು ಗ್ಯಾರೇಜಿನ ಗೇಟಿಗೆ ಅಡ್ಡಡ್ಡ ನಿಂತುಬಿಟ್ಟಿತ್ತು. ಜಪ್ಪಯ್ಯ ಅಂದರೂ ಸ್ಟೇರಿಂಗ್ ತಿರುಗುತ್ತಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ಅವಳ ಮಾನ ಹರಾಜು ಹಾಕುತ್ತಿದ್ದವು.

"ನಿಂತಲ್ಲೇ ತಿರುಗಿಸಿದ್ರೆ ಇದು ಬಗ್ಗಲ್ಲ. ನಿಧಾನಕ್ಕೆ ಮುಂದೆ ಬಿಡಿ, ನಾನೂ ತಿರುಗಿಸ್ತೀನಿ."

ಕಾರು ಗೊಣಗುತ್ತಲೇ ಒಳಗೆ ಬಂತು. ಅವಳ ಕುರ್ತಾದ ತೋಳಿನ ಮೇಲೆ ಕಪ್ಪು ಗ್ರೀಸಿನ ಗುರುತು ಉಳಿಯಿತು.

"ಅಯ್ಯೋ, ನಿಮ್ಮ ಬಟ್ಟೆ..." ಮೆಕ್ಯಾನಿಕ್ ಮುಖ ಸಣ್ಣದು ಮಾಡಿಕೊಂಡ.

'ಹಲ್ಲು ಕೀಳುವಾಗ ಏನೂ ಮರೆಯದವಳಿಗೆ ಈಗ ಬಂದ ಕೆಲಸವೇ ಯಾಕೆ ಮರೆತುಹೋಯಿತು?' ಸ್ಟೇರಿಂಗ್ ಜೊತೆ ಗುದ್ದಾಡಿದ್ದಕ್ಕೇ ಇರಬೇಕು ಎಂದುಕೊಂಡಳು. ಸದ್ಯಕ್ಕೆ ನಾವೂ ಹಾಗೇ ಅಂದುಕೊಳ್ಳೋಣ.

"ಇದನ್ನ ಅಮ್ಮ ಓಡಿಸೋ ಹಾಗೆ ಮಾಡಿಕೊಡಿ," ಎಂದಳು. "ಅವರ ಭುಜಕ್ಕೆ ಪೆಟ್ಟಾದಾಗಿನಿಂದ ಸ್ಟೇರಿಂಗ್ ತಿರುಗಿಸೋಕೆ ಆಗ್ತಿಲ್ಲ. ಕಾರೂ ಶೆಡ್ಡಲ್ಲಿ, ಅಮ್ಮನೂ ಮನೆಯೊಳಗೆ. ಅಣ್ಣ ಮಾರಿಬಿಡು ಅಂತ ಕೂತಿದ್ದಾನೆ. ಇದು ಹೋದ್ರೆ ಅಮ್ಮ ಪೂರ್ತಿ ಮಂಕಾಗಿಬಿಡ್ತಾರೆ..."

ಅವನು ಕಾರಿನ ಅಡಿಗೆ ನುಸುಳಿದ. "ಗ್ರೀಸಿನ ಮುಖ ನೋಡಿ ಯಾವ ಕಾಲ ಆಯ್ತೋ ಪಾಪ. ಎಡಕ್ಕೆ ಎಳೆಯುತ್ತಲ್ವಾ?"

"ಹುಟ್ಟಿದಾಗಿಂದ."

"ಕಾರು ಹುಟ್ಟಿದಾಗಿಂದಾನಾ, ನೀವು ಹುಟ್ಟಿದಾಗಿಂದಾನಾ?"

ಅವಳು ನಗು ತಡೆದುಕೊಂಡಳು.

ಮುಂದೆ ಪ್ರತಿ ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ಅವಳ ಕಾಲು ತಾನಾಗಿ ಗ್ಯಾರೇಜಿನ ಕಡೆ ನಡೆಯಿತು. ಅವನು ಮುಂದಿನ ಚಕ್ರಗಳ ಒಣಗಿದ ಕೀಲುಗಳನ್ನೆಲ್ಲ ಬಿಚ್ಚಿ ತೊಳೆದ, ಗ್ರೀಸ್ ತುಂಬಿದ. ಕೀಲುಗಳ ನಡುವೆ ಸವೆದಿದ್ದ ರಬ್ಬರ್ ಬುಷ್ ಬದಲಿಸಿದ. ಲೊಡಲೊಡ ಎನ್ನುತ್ತಿದ್ದ ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡಿದ. ದಾರ ಕಟ್ಟಿ, ಅಳೆದು, ಎರಡೂ ಚಕ್ರ ನೇರ ಕೂರಿಸಿದ.

ಕೊನೆಯ ದಿನ ಅವಳನ್ನು ಒಳಗೆ ಕೂರಿಸಿ, ಕಿಟಕಿಯ ಬಳಿಯಿಂದ ಕಾರು ಮೆಲ್ಲಗೆ ತಳ್ಳುತ್ತ, "ಒಂದೇ ಬೆರಳಲ್ಲಿ ತಿರುಗಿಸಿ," ಎಂದ.

ತಿರುಗಿಸಿದಳು. ಸ್ಟೇರಿಂಗ್ ಸರ್ರನೆ ಸುತ್ತಿತು. ಅವಳು ಬಾಯ್ತುಂಬ ನಕ್ಕುಬಿಟ್ಟಳು. ಅವನು ಅವಳನ್ನೇ ನೋಡುತ್ತ ಕೀ ಕೊಟ್ಟ.

'ಈ ಮನುಷ್ಯನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ...' ಆಮೆ ವೇಗದ ಟ್ರಾಫಿಕ್ಕಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ, ಕಾರಿನ ಮೇಲೆ ಗಮನವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಹೊಸ ಸೀರೆ ಉಟ್ಟು ಸ್ಟೇರಿಂಗ್ ಮುಂದೆ ಕೂತರು. ಗೇಟು ದಾಟಿ ಇನ್ನೂ ನಾಲ್ಕು ಮಾರು ಹೋಗಿರಲಿಲ್ಲ. ಕಾರು ಇದ್ದಕ್ಕಿದ್ದಂತೆ ಬಲಕ್ಕೆ ನುಗ್ಗಿ ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿತು.

ಗೇಟಿನಲ್ಲಿ ನಿಂತಿದ್ದ ಅವಳು ಓಡಿಬಂದಳು. ಒಡೆದದ್ದು ಕಾರಿನ ದೀಪ, ಊದಿದ್ದು ಅಮ್ಮನ ಹಣೆ. ಅಷ್ಟೇ ಆದದ್ದು ಪುಣ್ಯ.

ಫೋನ್ ಮಾಡಿದ ಕೂಡಲೇ ಮೆಕ್ಯಾನಿಕ್ ಓಡಿಬಂದ. ಅವಳು ಬಾಯಿಗೆ ಬಂದಂತೆ ಅಂದಳು. "ಕೆಲಸ ನೆಟ್ಟಗೆ ಬರಲ್ಲ ಅಂದ್ರೆ ಮೊದಲೇ ಹೇಳ್ಬೇಕಿತ್ತು. ಅಮ್ಮನಿಗೆ ಏನಾದ್ರೂ ಆಗಿದ್ರೆ?"

ಅವನು ಕಾರನ್ನು ನೋಡಲಿಲ್ಲ, ಅಮ್ಮನ ಹಣೆ ನೋಡಿದ. "ತಪ್ಪು ನಂದೇ," ಎಂದಷ್ಟೇ ಹೇಳಿ ತಲೆ ತಗ್ಗಿಸಿ ಹೊರಟುಹೋದ.

'ಒಪ್ಪಿಕೊಂಡೇಬಿಟ್ಟನಲ್ಲ...' ಅವಳಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಯಿತು.

"ಸಾಕು ಮಗಳೇ," ಎಂದರು ಅಮ್ಮ ಒಳಗಿನಿಂದ. "ಮಾರಿಬಿಡು."

ಮಾರನೇ ದಿನ ಹಳೇ ಕಾರು ಕೊಳ್ಳುವವರ ಹತ್ತಿರ ಅವಳೇ ಅದನ್ನು ಓಡಿಸಿಕೊಂಡು ಹೊರಟಳು. ಮೈದಾನದ ಪಕ್ಕದ ಖಾಲಿ ರಸ್ತೆಯಲ್ಲಿ ಕಾರು ಮತ್ತೆ ಬಲಕ್ಕೆ ವಾಲತೊಡಗಿತು. ಎಡಕ್ಕೆ ತಂದಳು, ಮತ್ತೆ ಬಲಕ್ಕೆ. ಕಣ್ಣು ತುಂಬಿ ದಾರಿ ಮಸುಕಾಯಿತು. ವೇಗ ತಗ್ಗಿಸಿ, ಕಣ್ಣೊರೆಸಿಕೊಳ್ಳಲು ಒಂದು ಗಳಿಗೆ ಹಿಡಿತ ಸಡಿಲಿಸಿದಳು.

ಕಾರು ದಾರ ಹಿಡಿದಂತೆ ನೇರ ಹೋಯಿತು!

ಬ್ರೇಕ್ ಹಾಕಿ ತನ್ನ ಕೈಗಳನ್ನೇ ನೋಡಿಕೊಂಡಳು. ಡ್ರೈವಿಂಗ್ ಕಲಿಸುವಾಗ ಅಪ್ಪ ಹೇಳುತ್ತಿದ್ದ ಮಾತು ಕಿವಿಯಲ್ಲಿ ಕೇಳಿಸಿತು. 'ಬಲಕ್ಕೆ ಹಿಡಿದಿರು ಮಗಳೇ, ಇದು ಎಡಕ್ಕೆ ಎಳೆಯುತ್ತೆ.' ಅಮ್ಮನೂ ಅವಳೂ ಅಣ್ಣನೂ ವರ್ಷಗಟ್ಟಲೆ ಹಾಗೇ ಹಿಡಿದವರು. ಕಾರು ರಿಪೇರಿಯಾಗಿತ್ತು, ಇವರ ಕೈಗಳು ಆಗಿರಲಿಲ್ಲ.

ಕಾರು ತಿರುಗಿಸಿದಳು. ಗ್ಯಾರೇಜಿನಲ್ಲಿ ಅವನು ಒಡೆದ ದೀಪಕ್ಕೆ ಜೋಡಿ ಹುಡುಕುತ್ತಿದ್ದ.

"ಕಾರಲ್ಲಿ ಏನೂ ತಪ್ಪಿರಲಿಲ್ಲ. ನಮ್ಮ ಕೈ ರೂಢಿ ಅದು. ಸುಮ್ನೆ ನಿಮ್ಮನ್ನ ಅಂದುಬಿಟ್ಟೆ, ಹೊಟ್ಟೆಗೆ ಹಾಕ್ಕೊಳ್ಳಿ... ಆದ್ರೆ ನೀವ್ಯಾಕೆ ತಪ್ಪು ನಂದು ಅಂದ್ರಿ?"

"ನಂದೇ ತಪ್ಪು, ಡಾಕ್ಟ್ರೇ. ಹಳೇ ಗಾಡಿ ರಿಪೇರಿ ಮಾಡಿದ್ಮೇಲೆ ಓಡಿಸೋರ ಪಕ್ಕ ಕೂತು ಕೈ ಪಳಗೋವರೆಗೂ ಸುತ್ತು ಹಾಕಿಸ್ತೀನಿ. ಅದಿಲ್ದೆ ಯಾರಿಗೂ ಕೀ ಕೊಟ್ಟೋನಲ್ಲ." ಅವನು ಕೈಯ ಗ್ರೀಸ್ ಒರೆಸಿಕೊಂಡ. "ಅವತ್ತು ನೀವು ನಕ್ಕಿರಲ್ಲ... ನಂಗೆ ಎಲ್ಲಾ ಮರೆತುಹೋಯ್ತು."

ಅವಳ ಮುಖ ಕೆಂಪೇರಿತು. ಬೈಯಲೂ ಆಗದೆ, ನಗಲೂ ಧೈರ್ಯ ಸಾಲದೆ, "ಹಾಗಾದ್ರೆ ಇನ್ಮೇಲೆ ಅಮ್ಮನ ಪಕ್ಕ ಕೂತು ಕಲಿಸಿ," ಎಂದಳು.

ಅಂದಿನಿಂದ ಅವನು ಬೆಳಿಗ್ಗೆ ಬೆಳಿಗ್ಗೆ ಮನೆಗೆ ಬಂದು ಅಮ್ಮನ ಪಕ್ಕ ಕೂತ. "ಹಿಡೀಬೇಡಿ ಅಮ್ಮ, ಸುಮ್ನೆ ಕೈ ಇಟ್ಟಿರಿ," ಎನ್ನುತ್ತ ಮೈದಾನ ಸುತ್ತಿಸಿದ. ಅವಳು ಹಿಂದಿನ ಸೀಟಿನಲ್ಲಿ ಕೂತು ಅಮ್ಮನ ಭುಜ ನೋಡುವ ನೆಪದಲ್ಲಿ ಬೇರೇನೋ ನೋಡಿದಳು.

ಕೊನೆಗೊಂದು ಬೆಳಿಗ್ಗೆ ಅಮ್ಮ ಒಬ್ಬರೇ ಕಾರು ತೆಗೆದರು. ಕಿಟಕಿಯಿಂದ ಕೈ ಚಾಚಿ ಅವನ ತಲೆ ಮುಟ್ಟಿದರು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ." ಕಾರು ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು.

ಅವಳು ಅವನತ್ತ ತಿರುಗಿದಳು. "ನಮ್ಮಮ್ಮನ್ನ ನಮಗೆ ವಾಪಸ್ ಕೊಟ್ರಿ. ನಿಮ್ಮ ಋಣ ಹೇಗೆ ತೀರಿಸ್ಲಿ?"

"ಋಣ ಗಿಣ ಎಲ್ಲಾ ದೊಡ್ಡ ಮಾತು." ಅವನು ಗೇಟಿನ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ, ಆದರೆ ಹೊರಡಲಿಲ್ಲ. "ಅಮ್ಮ ಕಲಿತಾಯ್ತು. ಇನ್ನು ನಂಗಿಲ್ಲಿ ಕೆಲಸ ಇಲ್ಲ."

ಅವಳು ಗೇಟಿನ ಸರಳು ಹಿಡಿದು ಮೆಲ್ಲಗೆ ಕೇಳಿದಳು. "ಕೆಲಸ ಇದ್ರೇನೇ ಬರೋದಾ?"

"ಇಲ್ದೇನೂ ಬರಬಹುದಾ?"

"ನಾಳೆ ಬನ್ನಿ... ನಾಡಿದ್ದೂ."