ದೊಡ್ಡಜ್ಜಿಯ ಹಾಡು ಎಲ್ಲಿ ಹೋಯಿತು?

"ಯಾಕೆ ಲುಯಾಂಡೊ, ಹಾಡು ಹಾಕಲಿಲ್ವಾ?" ಕಿಟಕಿ ಪಕ್ಕದ ಕುರ್ಚಿಯಿಂದ ಅಜ್ಜಿ ಕೇಳಿದಳು.

ಮೌಸ್ ಮೇಲಿದ್ದ ಲುಯಾಂಡೊಳ ಬೆರಳು ಹಾಗೇ ನಿಂತಿತು. ಕಂಪ್ಯೂಟರಿನಲ್ಲಿ ಪ್ರತಿ ಹಾಡಿನ ಮುಂದೆಯೂ ಕೆಂಪು ಗುರುತು. ಯಾವುದನ್ನು ಒತ್ತಿದರೂ ಒಂದೇ ಮಾತು: 'ಇ ಡ್ರೈವ್‌ನಲ್ಲಿ ಈ ಫೈಲ್ ಇಲ್ಲ.'

"ಕರೆಂಟ್ ಹೋಯ್ತು ಅಜ್ಜಿ," ಎಂದುಬಿಟ್ಟಳು.

ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. "ಹೌದಾ? ಬರಲಿ ಬಿಡು," ಎಂದು ಹುರಿದ ಕಡಲೆಕಾಯಿ ಸುಲಿಯತೊಡಗಿದಳು.

ಅವು ಅಜ್ಜಿಯ ಅಕ್ಕ, ಅಂದರೆ ದೊಡ್ಡಜ್ಜಿ, ಹಾಡಿದ ಹಾಡುಗಳು. ಕಣಿವೆಗೆ ಅಣೆಕಟ್ಟಿನ ನೀರು ತುಂಬುವ ಮೊದಲು, ನದಿ ದಡದ ಹಳ್ಳಿಯಲ್ಲಿ ಅಕ್ಕತಂಗಿಯರು ಕಲಿತವು. ದೊಡ್ಡಜ್ಜಿ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಅದಕ್ಕೂ ಮೊದಲೇ ಅಪ್ಪ ಅವನ್ನು ರೆಕಾರ್ಡ್ ಮಾಡಿ ಒಂದು ಪುಟ್ಟ ಕಪ್ಪು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದ. ಬೇರೆಲ್ಲೂ ಇರಲಿಲ್ಲ.

ದಿನಾ ಸಂಜೆ ಲುಯಾಂಡೊ ಹಾಡು ಹಾಕಿ ಅಂಗಳಕ್ಕೆ ಓಡುತ್ತಿದ್ದಳು. ಆಟದ ನಡುವೆ ಕಿಟಕಿಯಿಂದ ಆ ದನಿ ತೇಲಿಬಂದರೆ, ಕಾಣದ ನದಿಯೊಂದು ಮೆಲ್ಲಗೆ ಮನೆಯೊಳಗೆ ಹರಿಯುತ್ತಿದೆ ಅನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಅವಳೇ ಆ ಡಿಸ್ಕನ್ನು ಕಿತ್ತಿದ್ದಳು. ಗೇಮ್ ಆಡಲು ಅಣ್ಣನ ಪೆನ್ ಡ್ರೈವ್ ಸಿಕ್ಕಿಸಿ, ಆಮೇಲೆ ಡಿಸ್ಕನ್ನು ಪಕ್ಕದಲ್ಲಿ ಚುಚ್ಚಿದ್ದಳು.

ಅಣ್ಣ ಮ್ವೀಟ್ವಾ ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದ. ಓಡಿಹೋಗಿ ಅವನ ತೋಳು ಹಿಡಿದಳು. "ಅಣ್ಣಾ, ದೊಡ್ಡಜ್ಜಿನ ಅಳಿಸಿಬಿಟ್ಟೆ ಕಣೋ!"

"ಬಂದಳಪ್ಪ ಇಂಜಿನಿಯರಮ್ಮ!" ಎಂದ ಅವನು. ಆದರೆ ತಂಗಿಯ ಕಣ್ಣಲ್ಲಿ ನೀರು ಕಂಡು ಕೈ ಒರೆಸಿಕೊಂಡು ಒಳಗೆ ಬಂದ.

"ನೋಡಿಲ್ಲಿ," ಎಂದು ಪಿಸುಗುಟ್ಟಿದ. "ಪೆನ್ ಡ್ರೈವು 'ಇ' ಅಕ್ಷರ ಹಿಡ್ಕೊಂಡು ಕೂತಿದೆ. ಅದಕ್ಕೇ ಡಿಸ್ಕಿಗೆ 'ಎಫ್' ಬಂದಿದೆ. ಹಾಡೆಲ್ಲ ಅದರಲ್ಲೇ ಇವೆ. ಪ್ಲೇಯರ್ ಪಾಪ, ಇನ್ನೂ 'ಇ'ಯಲ್ಲೇ ಹುಡುಕ್ತಿದೆ."

"ಮತ್ತೆ 'ಇ' ಮಾಡಕ್ಕಾಗುತ್ತಾ?"

"ಮೊದಲು ಪೆನ್ ಡ್ರೈವ್ ತೆಗಿ. ನೀನೇ ಮಾಡು, ನಾನು ಹೇಳ್ತೀನಿ. ಡಿಸ್ಕಿನ ಹೆಸರ ಮೇಲಿಟ್ಟು ಮೌಸಿನ ಬಲಗಡೆ ಒತ್ತು. ಡ್ರೈವ್ ಅಕ್ಷರ ಬದಲಿಸು ಅಂತಿದೆಯಲ್ಲ, ಅದು. ಏಯ್, ಕೆಳಗಿನ ಫಾರ್ಮ್ಯಾಟ್ ಮುಟ್ಟಬೇಡ! ಆಗ ನಿಜವಾಗ್ಲೂ ಅಳಿಸಿಹೋಗುತ್ತೆ."

ಲುಯಾಂಡೊ ಪೆನ್ ಡ್ರೈವ್ ತೆಗೆದು, ಅಣ್ಣ ಹೇಳಿದ್ದನ್ನೇ ಒತ್ತಿದಳು. 'ಇ' ಆರಿಸಿದಳು. ಕಂಪ್ಯೂಟರ್ ಎಚ್ಚರಿಸಿತು: 'ಕೆಲವು ಪ್ರೋಗ್ರಾಮ್ ನಡೆಯದೆ ಹೋಗಬಹುದು. ಮುಂದುವರಿಯಲೇ?'

ಅವಳು ಅಣ್ಣನ ಮುಖ ನೋಡಿದಳು. ಅವನು ತಲೆಯಾಡಿಸಿದ. ಕಣ್ಣು ಮುಚ್ಚಿ 'ಹೌದು' ಒತ್ತಿದಳು.

ಪ್ಲೇಯರ್ ಮತ್ತೆ ತೆರೆದಾಗ ಕೆಂಪು ಗುರುತು ಇರಲಿಲ್ಲ. ಕೋಣೆಯ ತುಂಬ ದೊಡ್ಡಜ್ಜಿಯ ಒಡಕು ದನಿ ಹರಡಿತು.

"ಬಂತಾ ಕರೆಂಟು?" ಅಜ್ಜಿ ನಕ್ಕಳು. "ಫ್ರಿಜ್ ಮಾತ್ರ ಆಗಿನಿಂದ ಗುಂಯ್ ಅಂತಾನೇ ಇತ್ತಪ್ಪ."

ಮ್ವೀಟ್ವಾ ಪಕ್ಕನೆ ನಕ್ಕು ಹೊರಗೆ ಓಡಿದ. ಲುಯಾಂಡೊ ಓಡಲಿಲ್ಲ. ಅಜ್ಜಿಯ ಕಾಲ ಬಳಿ ಕೂತು, "ಸುಳ್ಳು ಹೇಳಿದೆ ಅಜ್ಜಿ. ಹಾಡೆಲ್ಲ ಹೋಯ್ತು ಅಂತ ಭಯ ಆಯ್ತು," ಎಂದಳು.

"ನಂಗೂ ಆಗಿತ್ತು, ಮಗಾ," ಎಂದಳು ಅಜ್ಜಿ.

ದೊಡ್ಡಜ್ಜಿ ಒಂದು ಸಾಲು ಹಾಡಿ ಸುಮ್ಮನಾದಳು. ಎಲ್ಲ ಹಾಡಿನಲ್ಲೂ ಹಾಗೇ, ನಡುನಡುವೆ ಖಾಲಿ. ರೆಕಾರ್ಡಿಂಗ್ ಸರಿಯಿಲ್ಲ ಎಂದೇ ಲುಯಾಂಡೊ ಅಂದುಕೊಂಡಿದ್ದಳು.

ಇವತ್ತು ಆ ಖಾಲಿಯಲ್ಲಿ ಅಜ್ಜಿಯ ತುಟಿ ಅಲುಗಿತು. ಉಸಿರಿನಷ್ಟೇ ಮೆಲ್ಲಗೆ ಅವಳು ಒಂದು ಸಾಲು ಹಾಡಿದಳು. ಅದು ಮುಗಿಯುತ್ತಲೇ ದೊಡ್ಡಜ್ಜಿ ಮತ್ತೆ ಶುರುಮಾಡಿದಳು.

ಮುಂದಿನ ಸಲ ದೊಡ್ಡಜ್ಜಿ ಸುಮ್ಮನಾದಾಗ, ಲುಯಾಂಡೊ ಉಸಿರು ಬಿಗಿಹಿಡಿದು ಅಜ್ಜಿಯ ಸರದಿಗೆ ಕಾದಳು.